ಬಾರೀಕು ರೇತಿ

ಗಿರಣಿ ಕರಿಬಸಯ್ಯನಿಗೆ ಸಿಟ್ಟು ಬಂದರೆ ಉರ್ದು ಬರುತ್ತಿತ್ತು. ಬರುತ್ತಿತ್ತು ಎಂದರೆ ಆ ಭಾಷೆ ಕಲಿತಿದ್ದ ಎಂದಲ್ಲ. ಬಾಯಿಗೆ ಬರುತ್ತಿತ್ತು ಎಂದಷ್ಟೇ. ನಿಜಾಮರ ರಾಜ್ಯದಲ್ಲಿ ಸಿಟ್ಟು ಮಾಡುವ ಹಕ್ಕಿರುವವರೆಲ್ಲ ಕಚೇರಿಯವರು, ಕಚೇರಿಯವರು ಸಿಟ್ಟು ಮಾಡುವುದು ಉರ್ದುವಿನಲ್ಲಿ. ಆದ್ದರಿಂದ ಕನ್ನಡದಲ್ಲಿ ಕೂಗಾಡಿದರೆ ಅದು ಬರೀ ಮನೆಜಗಳ, ಉರ್ದುವಿನಲ್ಲಿ ಕೂಗಾಡಿದರೆ ಮಾತಿಗೊಂದು ಮೊಹರು ಬೀಳುತ್ತದೆ ಎಂದು ಅವನು ನಂಬಿದ್ದ. ಅವನ ಹೆಂಡತಿ ಚನ್ನವೀರಮ್ಮ ರಾಯಚೂರಿನಲ್ಲಿ ಮುಸಲ್ಮಾನರ ಓಣಿಯ ಪಕ್ಕದಲ್ಲೇ ಬೆಳೆದವಳು, ಉರ್ದು ಅವಳಿಗೆ ಕನ್ನಡದಷ್ಟೇ ಸಲೀಸು. ಆದರೆ ಹೆಂಗಸರ ಉರ್ದು ಸಂತೆಯ ಉರ್ದು, ತನ್ನದು ದರ್ಬಾರಿನ ಉರ್ದು ಎಂದು ಅವನು ಅವಳ ಮುಂದೆಯೇ ಹೇಳುತ್ತಿದ್ದ.

ಮಕ್ತಲದಿಂದ ಕೃಷ್ಣೆಯ ಕಡೆಗೆ ಇಳಿದರೆ ಹೊಳೆಬಾವಿ ಎಂಬ ಊರು. ಆ ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ, ಆ ಗಿರಣಿಗೆ ಒಂದೇ ಎಣ್ಣೆ ಎಂಜಿನ್, ಆ ಎಂಜಿನ್ನಿಗೆ ಒಬ್ಬನೇ ಒಡೆಯ ಕರಿಬಸಯ್ಯ. ದೊಡ್ಡ ಲಡಾಯಿ ಮುಗಿದ ಮರುವರ್ಷ ಎಂಜಿನ್ ಕೈಕೊಟ್ಟಿತು. ಎಣ್ಣೆ ಕುಡಿಯುವುದು ಜಾಸ್ತಿ, ಹೊಗೆ ಬಿಡುವುದು ಅದಕ್ಕಿಂತ ಜಾಸ್ತಿ, ಬೀಸುವುದು ಇಲ್ಲವೇ ಇಲ್ಲ. ಕರಿಬಸಯ್ಯ ಅದನ್ನು ಬಿಚ್ಚಿದ. ಸಿಲಿಂಡರನ್ನು ರಾಯಚೂರಿಗೆ ಒಯ್ದು ಕೊರೆಸಿ, ಹೊಸ ಪಿಸ್ಟನ್ನು, ಹೊಸ ರಿಂಗು ತಂದ. ಮಿಸ್ತ್ರಿಯನ್ನೂ ಕಳಿಸಲೇ ಎಂದು ಅಂಗಡಿಯ ಸಾಹೇಬರು ಕೇಳಿದರು.

"ಬಿಚ್ಚಿದವ ನಾನು, ಕೂಡಸವನೂ ನಾನ" ಎಂದು ಕರಿಬಸಯ್ಯ ಮೀಸೆ ತಿರುವಿದ.

ಅಂಗಡಿಯ ಸಾಹೇಬರು ಬುದ್ಧಿ ಹೇಳಿ ಕಳಿಸಿದರು. ರಿಂಗು ಎಂದರೆ ಪಿಸ್ಟನ್ನಿನ ಮೈಮೇಲಿನ ಕಚ್ಚಿನಲ್ಲಿ ಕೂರುವ ಬೀಡುಕಬ್ಬಿಣದ ಬಳೆ. ಒಂದು ಕಡೆ ಸೀಳಿರುತ್ತದೆ. ಸಿಲಿಂಡರಿನ ಒಳಗಿಟ್ಟಾಗ ಆ ಸೀಳಿನ ಎರಡು ತುದಿಗಳ ನಡುವೆ ದಪ್ಪ ಕಾಗದ ತೂರುವಷ್ಟು ಸಂದು ಉಳಿಯಬೇಕು. ಸಂದು ಇಲ್ಲದಿದ್ದರೆ ಬಿಸಿಗೆ ಉಬ್ಬಿ ತುದಿಗೆ ತುದಿ ಒತ್ತಿ ಮುರಿಯುತ್ತದೆ, ಹೆಚ್ಚಾದರೆ ಮತ್ತೆ ಹಳೇ ಹೊಗೆ. ಈ ರಿಂಗುಗಳು ಒಂಚೂರು ದೊಡ್ಡವು, ತುದಿ ಉಜ್ಜಬೇಕು. "ಬಾರೀಕ್ ರೇತಿ ಸೇ ಘಿಸೋ" ಎಂದರು ಸಾಹೇಬರು. ಅಂದರೆ ನಯವಾದ ಅರದಿಂದ ಉಜ್ಜು. ಕಬ್ಬಿಣ ಉಜ್ಜುವ ಅರಕ್ಕೆ ಉರ್ದುವಿನಲ್ಲಿ ರೇತಿ ಎನ್ನುತ್ತಾರೆಂದು ಕರಿಬಸಯ್ಯನಿಗೆ ಗೊತ್ತಾದದ್ದು ಆಗಲೇ. ಹೊಸ ಮಾತೊಂದು ಸಿಕ್ಕ ಖುಷಿಯಲ್ಲಿ ಅರವನ್ನೇ ಕೊಳ್ಳುವುದು ಮರೆತು ರೈಲು ಹತ್ತಿದ.

ಆಮೇಲೆ ಹುಡುಕಿದರೆ ಅರ ಎಲ್ಲಿ? ಮಕ್ತಲದಲ್ಲಿ ಇಲ್ಲ. ನಾರಾಯಣಪೇಟೆಯ ಅಂಗಡಿಯವನು ಮಗ್ಗದ ಸಾಮಾನು ಎಷ್ಟು ಬೇಕಾದರೂ ಕೊಡುತ್ತೇನೆ, ಅರಗಳು ಮಾತ್ರ ಲಡಾಯಿಗೆ ಹೋದವು ಇನ್ನೂ ತಿರುಗಿ ಬಂದಿಲ್ಲ ಎಂದ. ಅಷ್ಟಕ್ಕೇ ಊರಲ್ಲಿ ಸುದ್ದಿ ಹಬ್ಬಿ ಸಲಹೆಗಾರರು ಗಿರಣಿಯ ಕಟ್ಟೆ ಹತ್ತಿದರು.

ಮೊದಲು ಬಂದವನು ಕಮ್ಮಾರ ಎಲ್ಲಪ್ಪ. ಅವನ ಅರದ ಹಲ್ಲು ಕಂಡಿದ್ದರೆ ಕೃಷ್ಣೆಯ ಮೊಸಳೆಗಳು ನಾಚಿ ಬಾಯಿ ಮುಚ್ಚುತ್ತಿದ್ದವು. "ಇದರಾಗ ನಾ ಬಂಡಿ ಅಚ್ಚು ಉಜ್ಜೀನಿ ಅಯ್ನೋರ. ನಿಮ್ಮ ಈ ಬಳಿ ಯಾವ ಲೆಕ್ಕ?" ಎಂದು ಒಂದೇ ಒಂದು ಎಳೆತ ಎಳೆದ. ಚಟ್ ಎಂದು ಸದ್ದಾಯಿತು. ರಿಂಗು ಎರಡು ತುಂಡು.

ಕರಿಬಸಯ್ಯ ಎರಡೂ ತುಂಡನ್ನು ಎತ್ತಿಕೊಂಡು ಜೋಡಿಸಿ ನೋಡಿದ. ಎಲ್ಲಪ್ಪ ಮಾತ್ರ ಅರವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ದೇವರು ದೊಡ್ಡಾಂವ. ನನ್ನ ಅರಕ್ಕ ಏನೂ ಆಗಿಲ್ಲ" ಎಂದು ಎದ್ದು ಹೋದ.

ಎರಡನೆಯವನು ಅಕ್ಕಸಾಲಿ ನರಸಯ್ಯ. ರಿಂಗು ಎಂದರೆ ಉಂಗುರ, ಉಂಗುರ ಎಂದರೆ ತನ್ನ ಕಸುಬು ಎಂಬ ಧೈರ್ಯದಿಂದ ಇಲಿಬಾಲದಂಥ ಅರ ತಂದು ಕೂತ. ಬೆಳಗಿನಿಂದ ಮಧ್ಯಾಹ್ನದ ತನಕ ಉಜ್ಜಿದ. ಉದುರಿದ ಪುಡಿಯನ್ನು ಅಭ್ಯಾಸಬಲದಿಂದ ತನ್ನ ಕಡೆಗೇ ಗುಡಿಸಿಕೊಂಡ. ಕರಿಬಸಯ್ಯ ಬಗ್ಗಿ ನೋಡಿದರೆ ರಿಂಗಿನ ತುದಿ ಸವೆಯುವುದಿರಲಿ, ಒಂದು ಮಗ್ಗುಲಿಗೆ ಓರೆಯಾಗಲು ಹೊರಟಿತ್ತು.

"ನಿಲ್ಲಸೋ ಮಾರಾಯಾ! ಇದೇನ್ ಮೂಗುತಿಯೇನು?"

"ಚೂಡಂಡಿ, ನೋಡ್ರೀ, ನಕಾಸಿ ಕೆಲಸ ಗಡಬಡಿಸಿದ್ರ ಆಗಂಗಿಲ್ರೀ" ಎಂದ ನರಸಯ್ಯ, ಪುಡಿಯನ್ನು ಗಂಟು ಕಟ್ಟುತ್ತ.

ಅಂಗಡಿಯವರು ಮೇಲೊಂದು ಕೊಟ್ಟಿದ್ದರಿಂದ ಉಳಿದ ರಿಂಗುಗಳು ಎಂಜಿನ್ನಿಗೆ ಸರಿಯಾಗಿ ಸಾಕಾಗುವಷ್ಟು ಮಾತ್ರ. ಇನ್ನೊಂದು ಮುರಿದರೆ ಮುಂಬಯಿಯಿಂದ ಬರಬೇಕು. ಅಷ್ಟರಲ್ಲಿ ಊರ ಹೆಂಗಸರ ಸಿಟ್ಟು ಕುದಿಯತೊಡಗಿತ್ತು. ಎಂಜಿನ್ ಬಂದ ಮೇಲೆ ಬೀಸುಕಲ್ಲುಗಳನ್ನು ಎತ್ತಿ ಹಿತ್ತಲಿಗೆ ಎಸೆದಿದ್ದರು. ಈಗ ಅವನ್ನೇ ತೊಳೆದು ಒಳಗೆ ತರಬೇಕಾಯಿತು. ಪಕ್ಕದ ಮನೆಯ ಹಂಪಮ್ಮ ದಿನವೂ ಬೆಳಗ್ಗೆ ಬೀಸುವಾಗ ಹಾಡಿನ ಬದಲು ಕರಿಬಸಯ್ಯನ ಹೆಸರು ಹಿಡಿದು ಬೈಯುವುದು, ಮಿಕ್ಕ ಮನೆಗಳವರು ಸೊಲ್ಲು ಕೂಡಿಸುವುದು. ಚನ್ನವೀರಮ್ಮ ಮಾತ್ರ ಬೈಯಲಿಲ್ಲ. ಗಂಡನ ಮುಂದೆ ಬೀಸುಕಲ್ಲು ತಂದಿಟ್ಟು, ಜೋಳದ ಮೊರ ಇಟ್ಟು, "ಬೀಸಿದವರಿಗೆ ರೊಟ್ಟಿ" ಎಂದಳು. ಗಿರಣಿಯ ಒಡೆಯ ಬೀಸುಕಲ್ಲಿನ ಗೂಟ ಹಿಡಿದು ಕೂತದ್ದನ್ನು ನೋಡಲು ಕಿಟಕಿಯಲ್ಲಿ ಜಾಗ ಸಾಲಲಿಲ್ಲ.

ಇಂಥ ಹೊತ್ತಿನಲ್ಲಿ ಗಿರ್ದಾವರ ಸಾಹೇಬರು ಬಂದರು. ಗಿರ್ದಾವರರೆಂದರೆ ಹಳ್ಳಿಗಳನ್ನು ತಿರುಗಿ ಕಂದಾಯ ನೋಡುವ ಅಧಿಕಾರಿ. ಹೆಸರೇ ತಿರುಗುವವನೆಂದು, ಈ ಸಾಹೇಬರು ತಿರುಗಿ ಬೀಳುವುದರಲ್ಲೂ ಪ್ರಸಿದ್ಧರು. ಉರ್ದು ಅವರ ಮನೆಮಾತು, ತೆಲುಗು ನೌಕರಿಯಲ್ಲಿ ಕಲಿತದ್ದು, ಕನ್ನಡ ಸುತಾರಾಂ ಬಾರದು. ಬರುವ ಸೋಮವಾರ ಮೇಲಿನ ಬಡೇ ಸಾಹೇಬರ ಡೇರೆ ಊರ ಹೊರಗಿನ ಹುಣಸೆ ತೋಪಿನಲ್ಲಿ ಬೀಳುವುದಿತ್ತು. ಅವರ ಪರಿವಾರಕ್ಕೆಲ್ಲ ಗೋಧಿ ಹಿಟ್ಟು ಬೇಕು. ಗೋಧಿ ಬಂದು ಕೂತಿತ್ತು, ಗಿರಣಿ ಮುಚ್ಚಿತ್ತು.

"ಗಿರ್ಣಿ ಕ್ಯೂಂ ಬಂದ್ ಹೈ?" ಎಂದು ಸಾಹೇಬರು ಕುದುರೆಯ ಮೇಲಿಂದಲೇ ಗುಡುಗಿದರು.

ಕರಿಬಸಯ್ಯ ಕಾದಿದ್ದದ್ದೇ ಈ ಗಳಿಗೆಗೆ. ಎದೆ ಉಬ್ಬಿಸಿ ತನ್ನ ದರ್ಬಾರಿ ಉರ್ದು ಹೊರತೆಗೆದ. "ಹುಜೂರ್, ಸಬ್ ತಯಾರ್ ಹೈ. ಸಿರ್ಫ್ ರೇತಿ ಕೀ ಕಮೀ ಹೈ." ಎಲ್ಲ ಸಿದ್ಧವಿದೆ, ರೇತಿಯೊಂದೇ ಕಡಿಮೆ.

"ರೇತಿ?"

"ಜೀ ಹುಜೂರ್. ಬಾರೀಕ್ ರೇತಿ."

ಸಾಹೇಬರ ಮುಖ ಕೆಂಪಾಯಿತು. "ನದೀ ಕೇ ಕಿನಾರೇ ಬೈಠ್ ಕೇ ರೇತಿ ಕೋ ರೋತಾ ಹೈ, ಬೇವಕೂಫ್?" ಹೊಳೆಯ ದಂಡೆಯಲ್ಲಿ ಕೂತು ರೇತಿಗೆ ಅಳುತ್ತೀಯಾ ಎಂದು ಅದರ ಅರ್ಥ. ಇದು ಯಾವುದೋ ದೊಡ್ಡ ಉರ್ದು ಗಾದೆ ಇರಬೇಕೆಂದು ಕರಿಬಸಯ್ಯ ತಲೆದೂಗಿ "ವಾಹ್ ಹುಜೂರ್, ವಾಹ್" ಎಂದ. ತಮ್ಮನ್ನು ಅಣಕಿಸುತ್ತಿದ್ದಾನೆಂದು ಸಾಹೇಬರಿಗೆ ಸಿಟ್ಟು ಇಮ್ಮಡಿಯಾಯಿತು. ರೇತಿ ನಾಳೆಯೇ ಬರುತ್ತದೆ, ಸೋಮವಾರದೊಳಗೆ ಗಿರಣಿ ತಿರುಗದಿದ್ದರೆ ಇವನ ಇಜಾಜತ್, ಅಂದರೆ ಪರವಾನಗಿ, ರದ್ದು, ಗಿರಣಿ ಬೇರೆಯವನಿಗೆ ಎಂದು ಕೂಗಿ ಕುದುರೆ ತಿರುಗಿಸಿದರು.

ಕರಿಬಸಯ್ಯ ಹಿಗ್ಗಿ ಒಳಗೆ ಬಂದ. "ಕೇಳಿದಿ ಏನು? ಸರ್ಕಾರನ ತರಿಸಿಕೊಡ್ತೈತಿ!"

"ಏನ್ ಕೇಳಿದ್ರಿ ಅವರ್ನ?" ಎಂದಳು ಚನ್ನವೀರಮ್ಮ.

"ಅದು ದರ್ಬಾರಿ ಮಾತು. ನಿನಗ ತಿಳಿಯಂಗಿಲ್ಲ ಬಿಡು."

ಅವಳು ಬಿಟ್ಟಳು. ಆದರೆ ರೊಟ್ಟಿಯನ್ನು ಆ ದಿನ ಬೇಕಾದದ್ದಕ್ಕಿಂತ ಜೋರಾಗಿ ತಟ್ಟಿದಳು.

ಮರುದಿನ ಬೆಳಗ್ಗೆ ಕರಿಬಸಯ್ಯ ಬಾಗಿಲು ತೆರೆದರೆ ಎದುರಿಗೆ ಬಂಡಿಯ ಹಿಂಭಾಗ. ಏನೆಂದು ಕೇಳುವಷ್ಟರಲ್ಲಿ ಬಂಡಿ ಹಿಂದಕ್ಕೆ ಬಗ್ಗಿತು. ಜರ್ರ್ ಎಂದು ಒಂದು ಬಂಡಿ ಉಸುಕು ಅವನ ಹೊಸ್ತಿಲಿಗೇ ಸುರಿಯಿತು.

"ಏ, ಯಾರೋ ನೀನು! ಇದೇನೋ!"

ಬಂಡಿಯವನು ಕಿಷ್ಟಪ್ಪ, ಕುರುಬರವನು. ಕುರಿ ಬಿಟ್ಟು, ಹೊಲ ಬಿಟ್ಟು, ಬಿಟ್ಟಿ ಕೆಲಸಕ್ಕೆ ಎಳೆಸಿಕೊಂಡು ಬಂದಿದ್ದವನು. ಅವನಿಗೆ ಉತ್ತರ ಹೇಳುವ ಸಹನೆ ಇರಲಿಲ್ಲ. "ನನಗೇನ್ ಕೇಳ್ತಿ? ನೀ ಕೇಳಿದ್ದಿ, ಸರ್ಕಾರ ಹೇಳ್ತು, ಪಟೇಲ ಕಳಿಸ್ದ, ನಾ ಹಾಕ್ದೆ! ನನ್ನ ಎತ್ತಿನ ಕಾಲು ನೋಡು, ಹೊಳ್ಯಾಗ ಮೊಣಕಾಲುಮಟ ಹುಗಿದಿದ್ವು! ನಮ್ಮ ದ್ಯಾವ್ರು ಬೀರಪ್ಪ ನೋಡ್ಕೋತಾನ ನಿನ್ನ!" ಎಂದು ಬಾರುಕೋಲು ಬೀಸಿ ಹೋಗೇ ಬಿಟ್ಟ.

ಕರಿಬಸಯ್ಯ ಉಸುಕಿನ ಗುಡ್ಡೆಯನ್ನು ನೋಡಿದ. ಬುದ್ಧಿ ಓಡಿಸಿದ. ಓಡಿದ ಬುದ್ಧಿ ತಪ್ಪು ಊರಿಗೇ ಹೋಗಿ ನಿಂತಿತು. ಇದು ಅವಮಾನ! ನಾನು ರೇತಿ ಕೇಳಿದರೆ ಸಾಹೇಬ ನನ್ನ ಬಾಗಿಲಿಗೆ ಉಸುಕು ಸುರಿಸಿದ್ದಾನೆ! ನಿನ್ನ ಬಾಳಿಗೆ ಮಣ್ಣು ಎಂದು ಹೇಳುವ ದರ್ಬಾರಿ ರೀತಿ ಇದು!

ಊರವರ ಬುದ್ಧಿ ಬೇರೆ ದಾರಿ ಹಿಡಿಯಿತು. "ಅಯ್ನೋರು ಮಾಳಿಗಿ ಕಟ್ಟಸ್ತಾರಂತ" ಎಂದು ಹಂಪಮ್ಮ ಬಾವಿಕಟ್ಟೆಯಲ್ಲಿ ಹೇಳಿದಳು. "ನಮ್ಮನ್ನ ಬೀಸಾಕ ಹಚ್ಚಿ ತಾವು ಮಾಳಿಗಿ ಮ್ಯಾಲ ಗಾಳಿ ತಗೊಳ್ಳಾಕ ಹೊಂಟಾರ!" ಮಧ್ಯಾಹ್ನದ ಹೊತ್ತಿಗೆ ಆ ಮಾಳಿಗೆಗೆ ಬಣ್ಣದ ಗಾಜಿನ ಕಿಟಕಿ ಕೂತಿತ್ತು.

ಕರಿಬಸಯ್ಯ ಪೇಟ ಸುತ್ತಿ ಹುಣಸೆ ತೋಪಿಗೆ ಧಾವಿಸಿದ. ಡೇರೆಯ ಏರ್ಪಾಟಿಗೆಂದು ಅಲ್ಲೇ ಬೀಡುಬಿಟ್ಟಿದ್ದ ಗಿರ್ದಾವರರು ಹುಕ್ಕಾ ಸೇದುತ್ತ ಕೂತಿದ್ದರು.

"ಹುಜೂರ್! ರೇತಿ ನಹೀಂ ಆಯೀ!" ರೇತಿ ಬಂದಿಲ್ಲ.

"ನಹೀಂ ಆಯೀ?" ಸಾಹೇಬರು ಹುಕ್ಕಾದ ನಳಿಗೆ ಬಿಸಾಡಿದರು. ತಮ್ಮ ಹುಕುಮಿಗೆ ಪಟೇಲ ಇಷ್ಟು ಬೆಲೆ ಕೊಟ್ಟನೇ! ಜವಾನನನ್ನು ಓಡಿಸಿದರು. ಅಪಮಾನ ಮಾಡಿದವರೇ ಹೀಗೆ ಸಿಟ್ಟಾದದ್ದನ್ನು ಕಂಡು ಕರಿಬಸಯ್ಯನಿಗೆ ಸ್ವಲ್ಪ ಗಲಿಬಿಲಿಯಾಯಿತು, ಆದರೆ ಗಲಿಬಿಲಿಯನ್ನು ತಡೆದು ನಿಲ್ಲಿಸಿ ವಿಚಾರಿಸುವುದು ಅವನ ಸ್ವಭಾವವಲ್ಲ. ಮನೆಗೆ ಬಂದು ಮಲಗಿದ.

ಮರುದಿನ ಎರಡು ಬಂಡಿ ಉಸುಕು ಬಂತು.

ಈ ಸಲ ಬಂಡಿಗಳ ಹಿಂದೆ ಪಟೇಲ ಭೀಮಣ್ಣನೂ ಬಂದ. ಭೀಮಣ್ಣನದು ದೊಡ್ಡ ಮೈ, ಸಣ್ಣ ತಾಳ್ಮೆ. ಜವಾನನ ಕೈಲಿ ಬೈಸಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ.

"ಅಯ್ನೋರ! ಹೊರಗ ಬರ್ರಿ! ಬಂದಿಲ್ಲ ಅಂತ ಸಾಹೇಬರ ಮುಂದ ಸುಳ್ಳು ಹೇಳೀರಂತ?"

"ಸುಳ್ಳ್ಯಾಕ ಹೇಳಲಿ ಪಟೇಲ್ರ? ಬಂದಿಲ್ಲ ಅಂದ್ರ ಬಂದಿಲ್ಲ!"

"ಮತ್ತ ನಿಮ್ಮ ಬಾಗಿಲಾಗ ಇದೇನ್ ನಮ್ಮಪ್ಪನ ಗದ್ದಿಗೆಯೇನು?"

"ಇದಾ? ಇದು ಉಸುಕು!"

"ಇದು ರೇತಿ!"

"ಇದು ಉಸುಕು!"

"ಹುಕುಂ ಆಗಿದ್ದು ರೇತಿ, ನಾ ಕಳಿಸಿದ್ದು ರೇತಿ, ಇದು ರೇತಿ!"

"ಪಟೇಲ್ರ, ನನ್ನ ಕಣ್ಣಿಗೇನ್ ಉಸುಕು ಬಿದ್ದೈತೇನು? ರೇತಿ ಹೆಂಗಿರ್ತೈತಿ ನನಗ ಗೊತ್ತಿಲ್ಲಾ? ಇದು ಉಸುಕು!"

ಜಗಳಗಳಲ್ಲಿ ಸಾಮಾನ್ಯವಾಗಿ ಒಬ್ಬರದು ಸುಳ್ಳಿರುತ್ತದೆ, ಇಲ್ಲವೇ ಇಬ್ಬರದೂ. ಇಬ್ಬರೂ ಅಕ್ಷರಶಃ ಸತ್ಯವನ್ನೇ ಕೂಗಿ ಕೂಗಿ ಒಬ್ಬರ ಕೊರಳಪಟ್ಟಿಗೆ ಒಬ್ಬರು ಕೈ ಹಾಕಿದ ಜಗಳ ಹೊಳೆಬಾವಿಯಲ್ಲಿ ಅದೇ ಮೊದಲು. ಓಣಿ ತುಂಬಿತು. ಎಲ್ಲಪ್ಪ ಪಟೇಲನ ಕಡೆ ಆದ, ನರಸಯ್ಯ ಕರಿಬಸಯ್ಯನ ಕಡೆ ಆದ, ಕಿಷ್ಟಪ್ಪ ಇಬ್ಬರಿಗೂ ಬೈದ.

ಗದ್ದಲಕ್ಕೆ ಚನ್ನವೀರಮ್ಮ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು. ಬಾಗಿಲಲ್ಲಿ ನಿಂತು ಎರಡು ಸುತ್ತು 'ರೇತಿ', ಎರಡು ಸುತ್ತು 'ಉಸುಕು' ಕೇಳಿಸಿಕೊಂಡಳು.

"ಏನ್ರೀ, ಆವತ್ತು ಸಾಹೇಬರಿಗೆ ಏನ್ ಕೇಳಿದ್ರಿ? ರೇತಿ ಅಂತ ಕೇಳಿದ್ರೇನು?"

"ಹೌದು! ಕೇಳಿದೆ! ಬಾರೀಕ್ ರೇತಿ!"

"ಉರ್ದುದಾಗ ಅರಕ್ಕೂ ರೇತಿ ಅಂತಾರ್ರೀ, ಉಸುಕಿಗೂ ರೇತಿ ಅಂತಾರ."

ಪಟೇಲ ಭೀಮಣ್ಣ ಕರಿಬಸಯ್ಯನ ಕೊರಳಪಟ್ಟಿ ಬಿಟ್ಟ. ಕರಿಬಸಯ್ಯನಿಗೆ ಮಾತ್ರ ಪಟೇಲನ ಕೊರಳಪಟ್ಟಿ ಬಿಡಬೇಕೆಂಬುದು ಹೊಳೆಯಲಿಲ್ಲ. ಹಾಗೇ ಹಿಡಿದುಕೊಂಡು ನಿಂತ.

"ಅರ ಬೇಕಿತ್ತಾ?" ಎಂದ ಭೀಮಣ್ಣ ಮೆಲ್ಲಗೆ. ಆಮೇಲೆ ಜೋರಾಗಿ, "ಒಂದು ಅರಕ್ಕ ಮೂರು ಬಂಡಿ ಹೊಡಿಸೀನೇನು ನಾನು? ಹೋಗ್ರಿ! ಹೋಗಿ ಸಾಹೇಬರಿಗೆ ನೀವ ಹೇಳ್ರಿ! ಉರ್ದುದಾಗ ಬ್ಯಾಡ್ರಪ್ಪೋ, ನಿಮ್ಮ ಕಾಲಿಗೆ ಬೀಳ್ತೀನಿ, ಕನ್ನಡದಾಗ ಹೇಳ್ರಿ!"

"ನಾನೂ ಬರ್ತೀನಿ" ಎಂದಳು ಚನ್ನವೀರಮ್ಮ. ಕಚೇರಿಯವರ ಡೇರೆಗೆ ಹೆಂಗಸರು ಬರುವುದೇ ಎಂದು ಗಂಡ ಕಣ್ಣು ಬಿಟ್ಟ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕರಿಬಸಯ್ಯ ಒಬ್ಬನೇ ಹೋದ. ಸಾಹೇಬರು ಅವನನ್ನು ಕಂಡದ್ದೇ "ಅಬ್ ಕ್ಯಾ?" ಎಂದು ಎದ್ದು ನಿಂತರು. ಕರಿಬಸಯ್ಯ ಉರ್ದುವನ್ನು ಹಲ್ಲು ಕಚ್ಚಿ ತಡೆದ. ತಾಯ್ನುಡಿಯಲ್ಲಿ, ಸ್ಪಷ್ಟವಾಗಿ, ಕೈಮುಗಿದು, ಒಂದೇ ಮಾತು ಹೇಳಿದ: "ಅರ, ಹುಜೂರ್. ಅರ!"

ಸಾಹೇಬರಿಗೆ ಕನ್ನಡ ಬಾರದು. ತೆಲುಗು ಬರುತ್ತಿತ್ತು. ತೆಲುಗಿನಲ್ಲಿ ಅರ ಎಂದರೆ ಅರ್ಧ.

"ಅರ?" ಎಂದು ಅವರು ಹಲ್ಲು ಮಸೆದರು. "ಮೂಡು ಬಂಡ್ಲು ಪಂಪಿತೇ, ಇಂಕಾ ಅರ ಕಾವಾಲಾ?" ಮೂರು ಬಂಡಿ ಕಳಿಸಿದರೂ ಇನ್ನೂ ಅರ್ಧ ಬೇಕೇ ಎಂದು ಕೇಳಿದ್ದು. ತೆಲುಗು ಅಷ್ಟಿಷ್ಟು ಬಲ್ಲ ಕರಿಬಸಯ್ಯನಿಗೆ ಗಾಬರಿಯಲ್ಲಿ 'ಅರ ಕಾವಾಲಾ' ಎಂದಷ್ಟೇ ಕೇಳಿಸಿತು. ಅಂತೂ ತಿಳಿಯಿತಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು "ಕಾವಾಲಿ ಹುಜೂರ್, ಕಾವಾಲಿ" ಎಂದ.

ಮರುದಿನ ಅರ್ಧ ಬಂಡಿ ಉಸುಕು ಬಂತು. ತಂದವನು ಖುದ್ದು ಪಟೇಲ ಭೀಮಣ್ಣ. ಅವನಿಗೆ ಎಲ್ಲ ಗೊತ್ತಿತ್ತು, ಆದರೂ ಸುರಿಸಿದ. "ಹುಕುಂ ಅಂದ್ರ ಹುಕುಂ ಅಯ್ನೋರ" ಎಂದು ಮೀಸೆಯಲ್ಲೇ ನಕ್ಕ. "ನಾಳೆ ತೆಲುಗಿನಾಗ ಆಕುರಾಯಿ ಅಂತ ಕೇಳಿ ಬರ್ರಿ. ಅರಕ್ಕ ಅವರು ಹಂಗ ಅಂತಾರ, ಆಕು ಅಂದ್ರ ಎಲಿ, ರಾಯಿ ಅಂದ್ರ ಕಲ್ಲು. ಒಂದು ಬಂಡಿ ಎಲಿ, ಒಂದು ಬಂಡಿ ಕಲ್ಲು ತಂದು ಹಾಕ್ತೀನಿ."

ಈಗ ಗಿರಣಿಯ ಮುಂದೆ ಉಸುಕಿನ ಗುಡ್ಡ. ಮನೆಯವರು ಪಕ್ಕದ ಕಿಟಕಿಯಿಂದ ಓಡಾಡುವ ಹಾಗಾಯಿತು. ಮಾಳಿಗೆಯ ಸುದ್ದಿ ಹರಿಗೋಲು ಹತ್ತಿ ಕೃಷ್ಣೆ ದಾಟಿ ಗದ್ವಾಲ ಮುಟ್ಟಿತು. ಗದ್ವಾಲದಲ್ಲಿ ಚನ್ನವೀರಮ್ಮನ ತಮ್ಮ ತಾಯಪ್ಪ ಇದ್ದ. ಶೇಂಗಾ ಗಿರಣಿಗಳ ಎಂಜಿನ್ ರಿಪೇರಿ ಅವನ ಕಸುಬು. ಹಿಂದೊಮ್ಮೆ ಅವನು ಈ ಎಂಜಿನ್ ಕೊಳ್ಳಬೇಡಿ ಎಂದಿದ್ದ, ಕರಿಬಸಯ್ಯ ಕೊಂಡಿದ್ದ, ಆವತ್ತಿನಿಂದ ಮಾತಿಲ್ಲ. ಈಗ ಅಕ್ಕ ಮಾಳಿಗೆ ಕಟ್ಟಿಸುತ್ತಿದ್ದಾಳೆ, ಗುದ್ದಲಿ ಪೂಜೆಗೂ ಕರೆದಿಲ್ಲ ಎಂಬ ಉರಿಯಲ್ಲಿ ಸೈಕಲ್ ತುಳಿದು, ಹರಿಗೋಲಿನಲ್ಲಿ ಸೈಕಲ್ ಸಮೇತ ಹೊಳೆ ದಾಟಿ ಬಂದ. ಹಾಗೇ ಮಕ್ತಲದಲ್ಲಿ ಒಂದು ಎಂಜಿನ್ ನೋಡುವುದಿದ್ದದ್ದರಿಂದ ಹತಾರದ ಚೀಲ ಸೈಕಲ್ಲಿಗೆ ಕಟ್ಟಿತ್ತು.

"ತವರಿನವರು ಸತ್ತೀವೇನಕ್ಕ?" ಎಂದು ಉಸುಕಿನ ಗುಡ್ಡದ ಮೇಲೆ ನಿಂತು ಕೂಗಿದ. "ಮಾವ ಮಾಳಿಗಿ ಕಟ್ಟಸಾಕ ಹೊಂಟಾನ, ನನಗೊಂದು ಮಾತಿಲ್ಲ!"

ಚನ್ನವೀರಮ್ಮ ಕಿಟಕಿಯಿಂದ ಇಳಿದು ಬಂದು ನಡೆದದ್ದನ್ನೆಲ್ಲ ಹೇಳಿದಳು. ತಾಯಪ್ಪ ನಗಲಿಲ್ಲ. ಅವನಿಗೂ ಸಿಟ್ಟೇ ಬಂತು. "ಅರ ಬೇಕಂದ್ರ ನನ್ನ ಕೇಳಬೇಕೋ, ಗಿರ್ದಾವರನ್ನ ಕೇಳಬೇಕೋ?" ಎಂದು ಚೀಲವನ್ನು ಗಿರಣಿಯ ನೆಲಕ್ಕೆ ಸುರುವಿದ. ಮೂರು ಅರ ಹೊರಬಿದ್ದವು. ಒಂದು ಮೊಳದುದ್ದದ ದಪ್ಪ ಹಲ್ಲಿನದು, ಒಂದು ಗುಂಡನೆಯದು, ಒಂದು ಅಂಗೈ ಉದ್ದದ ಚಪ್ಪಟೆಯದು. "ತಗೋ ಮಾವ. ಆರಿಸ್ಕೋ. ದೊಡ್ಡ ಎಂಜಿನ್ ಮಾಲಕ ಅಲ್ಲೇನು ನೀನು?"

ಗದ್ವಾಲದ ಮೈದುನ ತನ್ನ ಮರ್ಯಾದೆ ಪರೀಕ್ಷೆ ಮಾಡುತ್ತಿದ್ದಾನೆಂದು ಕರಿಬಸಯ್ಯನಿಗೆ ತಿಳಿಯಿತು. ಮೂರು ದೇಶದ ರಾಜರು ಎದುರು ಕೂತ ಸ್ವಯಂವರದ ಕನ್ಯೆಯಂತೆ ಮೂರನ್ನೂ ದಿಟ್ಟಿಸಿದ. ದೊಡ್ಡದನ್ನು ಎತ್ತಿದ, ಮುರಿದ ರಿಂಗು ನೆನಪಾಗಿ ಇಟ್ಟ. ಗುಂಡನೆಯದನ್ನು ಎತ್ತಿದ, ನರಸಯ್ಯ ಓರೆ ಮಾಡಿದ ತುದಿ ನೆನಪಾಯಿತು, ಇಟ್ಟ. ಚಪ್ಪಟೆಯದನ್ನು ಉಗುರಿನ ಮೇಲೆ ಎಳೆದು ನೋಡಿದ. ಎರಡೂ ಮುಖ ಸಮ, ಹಲ್ಲು ಇದೆ ಎಂದು ಕಣ್ಣಿಗೆ ಕಾಣದಷ್ಟು ನಯ. "ಇದು" ಎಂದ. "ಬೀಡು ಹಟಮಾರಿ. ಸೊಕ್ಕಿನ ಅರ ಕಂಡ್ರ ಮುರೀತೈತಿ. ಗುಂಡಂದು ಹಾಕಿದ್ರ ತುದಿ ನೆಟ್ಟಗ ನಿಲ್ಲಂಗಿಲ್ಲ. ಇದ ಬೇಕು."

ಮಾವ ಸರಿಯಾದದ್ದನ್ನೇ ಆರಿಸಿದ್ದ, ಆದರೆ 'ಸರಿ' ಎನ್ನಲು ತಾಯಪ್ಪನಿಗೆ ಬಾಯಿ ಬರಲಿಲ್ಲ. "ಹೊರಗಿಂದ ಒಳಕ್ಕ ಎಳಿ" ಎಂದಷ್ಟೇ ಗೊಣಗಿದ. "ಒಂದ ತುದಿ. ಹಿಂದಕ್ಕ ಎಳೀಬ್ಯಾಡ. ಎರಡು ಎಳಿ, ಹಾಕಿ ನೋಡು."

ಚನ್ನವೀರಮ್ಮ ರಿಂಗು ಅಲುಗದಂತೆ ಎರಡೂ ಕೈಯಿಂದ ಅದುಮಿ ಹಿಡಿದಳು. ಕರಿಬಸಯ್ಯ ಉಸಿರು ಬಿಗಿಹಿಡಿದು ಎಳೆದ. ಸಿಟ್ಟಿನ ಕೈಗೆ ಆ ಕೆಲಸ ಬಗ್ಗುವಂಥದ್ದಲ್ಲ. ಎರಡು ಸಲ ಅರ ಜಾರಿತು, ಎರಡು ಸಲವೂ ಹೆಂಡತಿ "ಸಾವಕಾಶ" ಎಂದಳು. ನಿಧಾನವಾಗಿ ಕೈ ತಣ್ಣಗಾಯಿತು. ಸಿಲಿಂಡರಿನಲ್ಲಿಟ್ಟು ನೋಡುವುದು, ತೆಗೆಯುವುದು, ಒಂದು ಎಳೆತ, ಮತ್ತೆ ನೋಡುವುದು. ಕೊನೆಗೆ ಸಂದಿನಲ್ಲಿ ದಪ್ಪ ಕಾಗದದ ಚೂರು ಸರಕ್ಕನೆ ತೂರಿತು. ಆ ಹೊತ್ತಿನಲ್ಲಿ ಗಿರಣಿಯೊಳಗೆ ಯಾರೂ ಯಾರಿಗೂ ಬೈಯುತ್ತಿರಲಿಲ್ಲ. ಹೊರಗೆ ಕೇಳುತ್ತಿದ್ದ ಹಂಪಮ್ಮ, ಇಷ್ಟು ಸುಮ್ಮನಿದ್ದಾರೆಂದರೆ ಯಾರೋ ಸತ್ತಿರಬೇಕೆಂದು ಒಳಗೆ ಇಣುಕಿ ನೋಡಿದಳಂತೆ.

ಭಾನುವಾರ ಬೆಳಗ್ಗೆ ಎಂಜಿನ್ 'ದುಬ್' ಎಂದಿತು. ಒಂದು ಸಲ ಸುಮ್ಮನಾಯಿತು. ಮತ್ತೆ 'ದುಬ್' ಎಂದು, ದುಬು ದುಬು ದುಬು ಎಂದು ಊರನ್ನೆಲ್ಲ ಅದುರಿಸಿತು. ಬಡೇ ಸಾಹೇಬರ ಗೋಧಿ ಬೀಸಿ ಮೂಟೆ ಕಟ್ಟಿ ತೋಪಿಗೆ ಕಳಿಸಿದ ಕರಿಬಸಯ್ಯ, ತಾಯಪ್ಪನಿಗೆ ಎರಡು ಹೋಳಿಗೆ ಹೆಚ್ಚು ಹಾಕಿಸಿದ. ತಾಯಪ್ಪ ತಿಂದು, ಎಂಜಿನ್ ಕೆಟ್ಟದ್ದೇ ಎಂದು ಇನ್ನೊಮ್ಮೆ ಹೇಳಿ, ಅರವನ್ನು ಅಕ್ಕನ ಕೈಗೆ ಕೊಟ್ಟು ಮಕ್ತಲಕ್ಕೆ ಹೋದ.

ಮಧ್ಯಾಹ್ನಕ್ಕೆ ಜವಾನ ಓಡಿ ಬಂದ. ಬಟ್ಟೆಯಲ್ಲಿ ಏನೋ ಸುತ್ತಿಕೊಂಡು ಬಂದಿದ್ದ. "ಅಯ್ನೋರ, ಸಾಹೇಬರು ಬೆಂಕಿ ಆಗ್ಯಾರ. ಹಿಟ್ಟಿನಾಗ ರೇತಿ ಐತಂತ!"

ಹಿಟ್ಟಿನಲ್ಲಿ ರೇತಿ! ಅಯ್ಯೋ, ಕಲ್ಲಿನ ಬಾಯಿಗೆ ಅರ ಬಿದ್ದುಬಿಟ್ಟಿದೆ! ಎಂಜಿನ್ ನಿಲ್ಲಿಸಿದ. ಪಟ್ಟೆ ಕಳಚಿದ. ಗೋಧಿ ಸುರಿಯುವ ಪೆಟ್ಟಿಗೆ ಬಿಚ್ಚಿದ. ಎಲ್ಲಪ್ಪನನ್ನು ಕೂಗಿ ಇಬ್ಬರೂ ಸೇರಿ ಮೇಲಿನ ಬೀಸುವ ಕಲ್ಲನ್ನೇ ಎತ್ತಿ ಒಳಗೆ ತಲೆ ಹಾಕಿದರು. "ಬಡೇ ಸಾಹೇಬರ ಹಲ್ಲಿಗೆ ಅರ ಸಿಕ್ರ ನನ್ನ ಗತಿ ಏನು!" ಎಂದು ಒಳಗಿನಿಂದ ಕೇಳುತ್ತಿತ್ತು.

ಚನ್ನವೀರಮ್ಮ ಜವಾನನ ಕೈಯ ಬಟ್ಟೆ ಬಿಚ್ಚಿದಳು. ಅರ್ಧ ತಿಂದ ರೊಟ್ಟಿ. ಒಂದು ತುಣುಕು ಬಾಯಿಗೆ ಹಾಕಿ ಕಡಿದಳು. ಕರ್‌ರ್ ಎಂದಿತು. ಬಾಗಿಲಾಚೆ ನೋಡಿದಳು. ಪಡುವಣ ಗಾಳಿ ಉಸುಕಿನ ಗುಡ್ಡದ ನೆತ್ತಿಯನ್ನು ಸವರಿ, ತೆಳ್ಳಗೆ ಎತ್ತಿ, ನೇರ ಗಿರಣಿಯೊಳಗೆ ತಂದು ಹಾಕುತ್ತಿತ್ತು.

ಗಂಡನಿಗೆ ಅವಳು ಏನೂ ಹೇಳಲಿಲ್ಲ. ಅರವನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡು ಹೊರಗೆ ಹೋಗಿ, "ಹಂಪಮ್ಮಕ್ಕ, ಮಾಳಿಗಿ ಇಲ್ಲ ಏನಿಲ್ಲ. ಈ ಉಸುಕು ಗೋಡಿಗೆ, ಅಂಗಳಕ್ಕ ಯಾರಿಗೆ ಬೇಕೋ ಅವರು ಒಯ್ಯಬಹುದು" ಎಂದಳು. ಬೀಸಿ ಬೀಸಿ ಸಿಟ್ಟು ತುಂಬಿದ ತೋಳುಗಳು ಅವು. ಬುಟ್ಟಿ ಹಿಡಿದು ಓಣಿಯೇ ಇಳಿಯಿತು. ಕಿಷ್ಟಪ್ಪನೂ ಬಂದು, ತಾನು ತಂದ ಉಸುಕಿಗೆ ತನ್ನ ಹಕ್ಕು ಮೊದಲು ಎಂದು ಕುರಿಹಟ್ಟಿಗೆ ಒಂದು ಬಂಡಿ ತುಂಬಿಕೊಂಡು ಹೋದ. ಹೊತ್ತು ಇಳಿಯುವಾಗ ಹೊಸ್ತಿಲ ಮುಂದೆ ನೆಲ ಕಂಡಿತು. ಚನ್ನವೀರಮ್ಮ ಅದಕ್ಕೆ ನೀರು ಹೊಡೆದು ಸಾರಿಸಿದಳು.

ಆಮೇಲೆ ಒಳಗೆ ಹೋದಳು. ಕರಿಬಸಯ್ಯ ತಲೆಯಿಂದ ಕಾಲಿನವರೆಗೆ ಹಿಟ್ಟಾಗಿ ಕಲ್ಲುಗಳ ನಡುವೆ ಕೂತಿದ್ದ.

"ಸಿಗವಲ್ದು" ಎಂದ.

ಅವಳು ಸೆರಗಿನಿಂದ ಅರ ತೆಗೆದು ಅವನ ತೊಡೆಯ ಮೇಲಿಟ್ಟಳು. ಹಿಟ್ಟಿನಲ್ಲಿದ್ದ ರೇತಿ ಯಾವುದೆಂದು ಹೇಳಿದಳು. ಗಿರ್ದಾವರರಿಗೆ ಹೊಸ ಹಿಟ್ಟು ರಾತ್ರಿಯೊಳಗೆ ಬರುತ್ತದೆಂದು ಜವಾನನ ಕೈಲಿ ಉರ್ದುವಿನಲ್ಲಿ ತಾನೇ ಹೇಳಿ ಕಳಿಸಿದ್ದೇನೆ, ಅವರೂ ಒಪ್ಪಿದ್ದಾರೆ, ಇಜಾಜತ್ತಿಗೆ ಏನೂ ಆಗುವುದಿಲ್ಲ ಎಂದೂ ಹೇಳಿದಳು.

ಕರಿಬಸಯ್ಯ ಸಿಟ್ಟಿನಿಂದ ಎದ್ದು ನಿಂತ. ಮೈಯಿಂದ ಹಿಟ್ಟು ಮೋಡದಂತೆ ಎದ್ದಿತು. "ಗೊತ್ತಿದ್ದೂ ಇಷ್ಟೊತ್ತು ಹುಡಕಾಕ ಬಿಟ್ಟೇನು? ಹೇಳಾಕ ಏನಾಗಿತ್ತು ನಿನಗ?"

"ಎಲ್ಲಪ್ಪನ್ನ ಕೇಳಿದ್ರಿ. ನರಸಯ್ಯನ್ನ ಕೇಳಿದ್ರಿ. ಗಿರ್ದಾವರನ್ನ ಮೂರು ಸಲ ಕೇಳಿದ್ರಿ" ಎಂದಳು ಚನ್ನವೀರಮ್ಮ. "ನನ್ನ ಒಮ್ಮಿಯಾದ್ರೂ ಕೇಳೀರೇನು?"

ಕರಿಬಸಯ್ಯ ಉತ್ತರಕ್ಕೆ ಬಾಯಿ ತೆರೆದ. ಮೊದಲು ಉರ್ದುವಿನಲ್ಲಿ ಹುಡುಕಿದ, ಆಮೇಲೆ ಕನ್ನಡದಲ್ಲಿ, ಆಮೇಲೆ ಬಂದಷ್ಟು ತೆಲುಗಿನಲ್ಲಿ. ಎಲ್ಲೂ ಸಿಗಲಿಲ್ಲ. ಹೋಗಿ, ಎತ್ತಿಟ್ಟಿದ್ದ ಮೇಲಿನ ಬೀಸುವ ಕಲ್ಲಿನ ಒಂದು ಬದಿ ಹಿಡಿದ. ಇನ್ನೊಂದು ಬದಿಯನ್ನು ಅವಳು ಹಿಡಿದಳು.